ಹೈರೈಡರ್ ಹೈಬ್ರಿಡ್: ಬುಕ್ ಮಾಡುವ ಮುಂಚೆ, ಆಕ್ಸೆಸರಿ ಅಂಗಡಿಗೆ ಹೋಗುವ ಮುಂಚೆ

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನಲ್ಲಿ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಗಾಡಿ, ಎರಡು ಬಗೆ. ನಿಯೋಡ್ರೈವ್, ಅಂದರೆ ಮೈಲ್ಡ್ ಹೈಬ್ರಿಡ್, ಹೆಸರಿಗಷ್ಟೇ ಹೈಬ್ರಿಡ್. ಬರೀ ಮೋಟರ್ ಬಲದಲ್ಲಿ ಅದು ಒಂದಡಿಯೂ ಚಲಿಸದು. ಕರೆಂಟಿನಲ್ಲೇ ಉರುಳಬಲ್ಲದ್ದು ಸ್ಟ್ರಾಂಗ್ ಹೈಬ್ರಿಡ್: 1490 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮತ್ತು ಮೋಟರ್ ಸೇರಿ 116 ಪಿಎಸ್. ಲೀಟರಿಗೆ 27.97 ಕಿ.ಮೀ. ಅನ್ನೋದು ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಲೆಕ್ಕ ಹೀಗೆ ಹಾಕಿ. ಎರಡು ಬಗೆಗಳ ಎಕ್ಸ್-ಷೋರೂಂ ಬೆಲೆಯ ಅಂತರ 2.5 ಲಕ್ಷ ಅಂದುಕೊಳ್ಳಿ. 10ರಿಂದ 20 ಲಕ್ಷದೊಳಗಿನ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ. 17, ಅದರ ಮೇಲೆ ಸೆಸ್. ಆ ಅಂತರ ರಸ್ತೆಗೆ ಇಳಿಯುವಾಗ 3 ಲಕ್ಷದ ಹತ್ತಿರ. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್‌ನಲ್ಲಿ ಲೀಟರಿಗೆ ಮೈಲ್ಡ್ 12, ಸ್ಟ್ರಾಂಗ್ 21 ಕಿ.ಮೀ. ಕೊಟ್ಟರೆ, ಪೆಟ್ರೋಲ್ 100 ರೂಪಾಯಿ ಹಿಡಿದು ಕಿಲೋಮೀಟರಿಗೆ ಸುಮಾರು 3.50 ಉಳಿಯುತ್ತದೆ. 3 ಲಕ್ಷ ವಾಪಸ್ ಬರಲು 85,000 ಕಿ.ಮೀ. ಬೇಕು, ತಿಂಗಳಿಗೆ 1000 ಕಿ.ಮೀ. ಓಡಿಸುವವರಿಗೆ ಏಳು ವರ್ಷ, 2000 ಓಡಿಸುವವರಿಗೆ ಮೂರೂವರೆ. ಬರೀ ಹೈವೇ ಓಡಾಟದಲ್ಲಿ 16ಕ್ಕೆ 20 ಸಿಕ್ಕರೆ ಉಳಿಯುವುದು 1.25 ರೂಪಾಯಿ, ಅಂದರೆ ಅಸಲು ಹುಟ್ಟಲು 2.4 ಲಕ್ಷ ಕಿ.ಮೀ. ಹುಬ್ಬಳ್ಳಿ-ಬೆಂಗಳೂರು ನೇರ ಓಡಾಟವೇ ಹೆಚ್ಚಿದ್ದರೆ ಸ್ಟ್ರಾಂಗ್ ಹೈಬ್ರಿಡ್ ನಿಮ್ಮ ಗಾಡಿಯಲ್ಲ.

ಟೆಸ್ಟ್ ಡ್ರೈವ್‌ಗೆ ಷೋರೂಮಿನ ಸುತ್ತ ಒಂದು ರೌಂಡ್ ಸಾಲದು. ಬ್ಯಾಟರಿ ಇರುವುದೇ 0.76 ಯೂನಿಟ್. ಶಿರಾಡಿ, ಚಾರ್ಮಾಡಿಯಂಥ ಏರಿನಲ್ಲಿ ತುಂಬಿದ ಗಾಡಿ ಅದನ್ನು ಬೇಗ ಖಾಲಿ ಮಾಡುತ್ತದೆ. ಆಮೇಲೆ ಇ-ಸಿವಿಟಿ (ಈ ಗಾಡಿಯ ಆಟೊಮ್ಯಾಟಿಕ್ ಗೇರ್ ವ್ಯವಸ್ಥೆ) ಎಂಜಿನನ್ನು ಮೇಲಿನ ಆರ್‌ಪಿಎಂನಲ್ಲಿ ಹಿಡಿದಿಡುತ್ತದೆ, ಒಳಗೆ ಗೊರ್ ಅನ್ನುತ್ತದೆ. ಅದು ದೋಷವಲ್ಲ, ಆದರೆ ಸಹಿಸಬಲ್ಲಿರಾ ಅಂತ ಮೊದಲೇ ನೋಡಿಕೊಳ್ಳಿ. ಇಳಿಜಾರಿನಲ್ಲಿ ಗೇರ್ ಲಿವರ್ 'ಬಿ'ಗೆ (ಎಂಜಿನ್ ಬ್ರೇಕಿಂಗ್) ಹಾಕಿ. ಬ್ಯಾಟರಿ ಭರ್ತಿಯಾದ ಮೇಲೆ, ಅದನ್ನು ಚಾರ್ಜ್ ಮಾಡುತ್ತ ವೇಗ ತಗ್ಗಿಸುವ ಮೋಟರ್ ಬ್ರೇಕಿಂಗ್ ಕಡಿಮೆಯಾಗುತ್ತದೆ, ಆಗ ಎಂಜಿನ್ ಬ್ರೇಕಿಂಗೇ ಗತಿ. ಡಿಕ್ಕಿಯ ನೆಲದಡಿ ಬ್ಯಾಟರಿ ಕೂತಿರುವುದರಿಂದ ಲಗೇಜ್ ಜಾಗ ಕಮ್ಮಿ. ಮನೆಯ ದೊಡ್ಡ ಸೂಟ್‌ಕೇಸನ್ನೇ ಷೋರೂಮಿಗೆ ಒಯ್ದು ಇಟ್ಟು ನೋಡಿ, ಸೇಲ್ಸ್‌ನವರು ನಕ್ಕರೆ ನಗಲಿ.

ಇನ್ನು ಆಕ್ಸೆಸರಿ. ಜನ ಎಡವುವುದು ಇಲ್ಲೇ. ಬ್ಯಾಟರಿ ತಂಪಾಗುವುದು ಕ್ಯಾಬಿನ್ ಗಾಳಿಯಿಂದ. ಆ ಗಾಳಿ ಎಳೆಯುವ ಜಾಲರಿ ಎಲ್ಲಿದೆ ಅಂತ ಡೆಲಿವರಿ ದಿನವೇ ತೋರಿಸಿಕೊಳ್ಳಿ. ಮ್ಯಾಟು, ಸೀಟ್ ಕವರ್, ಚೀಲ, ಯಾವುದೂ ಅದನ್ನು ಮುಚ್ಚಕೂಡದು. ಧೂಳು, ನಾಯಿಕೂದಲು ಸೇರಿದರೆ ಗಾಳಿ ಸಾಲದೆ ಬ್ಯಾಟರಿ ಬಿಸಿಯಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್ ಬರುತ್ತದೆ. ಸರ್ವಿಸ್‌ನಲ್ಲಿ ಅದರ ಫಿಲ್ಟರ್ ಸ್ವಚ್ಛ ಮಾಡಿಸುವುದನ್ನು ಬಾಯಿಬಿಟ್ಟು ಕೇಳಿ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವುದರಿಂದ ಅಲ್ಲಿ ಹೊಲಿಗೆ ಬಿಚ್ಚಿಕೊಳ್ಳುವಂಥ ಕವರ್ ಮಾತ್ರ ಸರಿ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಕಿದರೆ ಆಕ್ಸಿಲರೇಟರ್ ಸಿಕ್ಕಿಕೊಳ್ಳಬಹುದು.

ವೈರಿಂಗ್ ವಿಚಾರದಲ್ಲಿ ರಾಜಿ ಬೇಡ. ಕಿತ್ತಳೆ ಬಣ್ಣದ ಕೇಬಲ್ ಹೈವೋಲ್ಟೇಜ್. ರಸ್ತೆಬದಿ ಎಲೆಕ್ಟ್ರಿಷಿಯನ್ ಅದರ ಹತ್ತಿರವೂ ಸುಳಿಯಬಾರದು. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವವರು ಆ ಕೇಬಲ್, ಸೈಲೆನ್ಸರ್, ನೀರು ಇಳಿಯುವ ತೂತುಗಳನ್ನು ಬಿಟ್ಟು ಹೊಡೆಯಬೇಕು. ಹಾರ್ನ್, ಲೈಟು ಬದಲಿಸುವುದಾದರೆ ವೈರ್ ಕತ್ತರಿಸದೆ ಕಪ್ಲರ್‌ಗೆ (ವೈರಿನ ತುದಿಯ ಪ್ಲಗ್) ಕಪ್ಲರ್. ಇಲ್ಲದಿದ್ದರೆ ಮುಂದೆ ವಾರಂಟಿ ಕ್ಲೇಮಿಗೆ ಹೋದಾಗ ಮೊದಲು ಬೆರಳು ತೋರಿಸುವುದೇ ಆ ಕತ್ತರಿಸಿದ ಜಾಗಕ್ಕೆ. ಟೈರು ಮೂಲದ 215/60 ಆರ್17 ಅಳತೆಯಲ್ಲೇ ಇರಲಿ. ಅಗಲದ ಟೈರು, ರೂಫ್ ಕ್ಯಾರಿಯರ್ ಎರಡೂ ದುಡ್ಡು ಕೊಟ್ಟು ಕೊಂಡ ಮೈಲೇಜನ್ನು ತಿನ್ನುತ್ತವೆ.

ಕೊನೆಗೆ 12 ವೋಲ್ಟಿನ ಸಣ್ಣ ಬ್ಯಾಟರಿ. ಎಂಜಿನ್ ತಿರುಗಿಸುವ ಕೆಲಸ ಅದರದ್ದಲ್ಲ, ಆದರೆ ಅದು ಸತ್ತರೆ ಕಂಪ್ಯೂಟರ್ ಏಳುವುದಿಲ್ಲ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲದು. ಡ್ಯಾಶ್‌ಕ್ಯಾಮಿಗೆ ಪಾರ್ಕಿಂಗ್ ಮೋಡ್ (ಗಾಡಿ ನಿಂತಾಗಲೂ ರೆಕಾರ್ಡಿಂಗ್) ಬೇಕೇಬೇಕಾದರೆ, ವೋಲ್ಟೇಜ್ ಇಳಿದಾಗ ತಾನೇ ಕಡಿತವಾಗುವ ಕಿಟ್ ಹಾಕಿಸಿ. ಗಾಡಿ ಸುಮ್ಮನೆ ನಿಂತಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ 'ರೆಡಿ' ದೀಪ ಉರಿಯುವ ಹಾಗೆ ಆನ್ ಇಡಿ. ಬ್ರೇಕ್ ಒತ್ತದೆ ಬರೀ ಬಟನ್ ಒತ್ತಿಟ್ಟರೆ ಚಾರ್ಜ್ ಆಗುವ ಬದಲು ಇದ್ದದ್ದೂ ಖಾಲಿ. ಎಂಜಿನ್ ತಾನಾಗಿಯೇ ಚಾಲೂ ಆಗಬಹುದು, ಆದ್ದರಿಂದ ಮುಚ್ಚಿದ ಗ್ಯಾರೇಜಿನೊಳಗೆ ಬೇಡ.