ನಾಲ್ಕು ವರ್ಷ ಬಳಸಿದ ಕಾರ್ ಬ್ಯಾಟರಿ: ಆ ಹಸಿರು ಕಣ್ಣನ್ನು ನಂಬಬೇಡಿ

ಚಾರ್ಜ್ ಇದೆಯಾ ಅಂತ ಬಣ್ಣದಲ್ಲಿ ತೋರಿಸುವ ಪುಟ್ಟ ಗಾಜಿನ ಕಣ್ಣೊಂದು ಬ್ಯಾಟರಿ ಮೇಲೆ ಇರುತ್ತದೆ. ಬ್ಯಾಟರಿ ಕೈಕೊಟ್ಟ ದಿನವೂ ಅದು ಹಸಿರಾಗಿಯೇ ಇತ್ತು. ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಸಿಟ್ಟಿಗೆ.

ಇದು ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಸ್ಟಾರ್ಟ್ ಆಗುವುದು) ಇರುವ ಪೆಟ್ರೋಲ್ ಕಾರುಗಳಿಗೆ ಅಂತಲೇ ಮಾಡಿದ ಮೇಂಟೆನೆನ್ಸ್ ಫ್ರೀ ಬ್ಯಾಟರಿ. ಅಳತೆ, ತೂಕ ಎಲ್ಲ ಮೇಲಿನ ಸ್ಟಿಕ್ಕರ್‌ನಲ್ಲೇ ಇದೆ, ಅದು ಬೇಡ. ನಾನು ಬಳಸಿದ್ದು 4 ವರ್ಷ 3 ತಿಂಗಳು. ಅದರಲ್ಲಿ ಮೊದಲ ಮೂರೂವರೆ ವರ್ಷದ ಬಗ್ಗೆ ಹೇಳೋಕೆ ಏನೂ ಇಲ್ಲ. ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್. ಒಳ್ಳೆ ಬ್ಯಾಟರಿ ಅಂದ್ರೆ ಹಾಗೇ ಇರಬೇಕು, ಅದು ಒಳಗಿದೆ ಅನ್ನೋದೇ ನಮಗೆ ಮರೆತು ಹೋಗಬೇಕು.

ನಾನು ಮಾತ್ರ ಮರೆತಿರಲಿಲ್ಲ. ಪ್ರತಿ ಭಾನುವಾರ ಬಾನೆಟ್ ಎತ್ತಿ ನೋಡುವುದು ನನ್ನ ಅಭ್ಯಾಸ. ಹಳೆ ಬನಿಯನ್ ಬಟ್ಟೆ ಒಂದು ಇದಕ್ಕೇ ಅಂತ ಮೀಸಲು. ಬ್ಯಾಟರಿ ಮೇಲಿನ ಧೂಳು ಒರೆಸಬೇಕು. ಧೂಳು ತೇವ ಹಿಡಿದರೆ ಎರಡು ಟರ್ಮಿನಲ್ ನಡುವೆ ಅದರಲ್ಲೇ ಸ್ವಲ್ಪ ಕರೆಂಟ್ ಸೋರುತ್ತದೆ. ಟರ್ಮಿನಲ್ ಬುಡದಲ್ಲಿ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಸೋಡಾ ಬಿದ್ದ ಕಡೆ ಬುಸ್ ಅಂತ ನೊರೆ ಬರುತ್ತದೆ. ಆ ನೊರೆ ನಿಲ್ಲೋವರೆಗೂ ಉಜ್ಜಿ, ಒಣಗಿಸಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದರೆ ತಿಂಗಳುಗಟ್ಟಲೆ ಪುಡಿ ಕಟ್ಟಲ್ಲ. ಕೇಬಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇದೊಂದನ್ನು ತಪ್ಪಿಸಬೇಡಿ. ನೆಗೆಟಿವ್ ಕೂತಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಎಲ್ಲ ಮುಗಿದ ಮೇಲೆ ಆ ಪುಟ್ಟ ಗಾಜಿನ ಕಣ್ಣಿಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಹಸಿರು. ಸಮಾಧಾನ. ಬಾನೆಟ್ ಮುಚ್ಚುತ್ತಿದ್ದೆ.

ನಾಲ್ಕನೇ ವರ್ಷ ಗಾಡಿ ಒಂದೊಂದಾಗಿ ಹಟ ಮಾಡಲು ಶುರು ಮಾಡಿತು. ಬ್ಯಾಟರಿ ವೀಕ್ ಆದ್ರೆ ಸೆಲ್ಫ್ ಎತ್ತಲ್ಲ, ಅಷ್ಟೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸೆಲ್ಫ್ ಕೊನೆಗೆ ಹೋಗೋದು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಬೇರೆ ಬೇರೆ ಕಡೆ ತೊಂದರೆ ಕಾಣುತ್ತದೆ, ನಾವು ಬ್ಯಾಟರಿಯೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸುತ್ತೇವೆ.

ಮೊದಲು ನಿಂತಿದ್ದು ಸ್ಟಾರ್ಟ್-ಸ್ಟಾಪ್. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುವುದನ್ನೇ ಬಿಟ್ಟಿತು. ನನಗೆ ಆ ಸೌಲಭ್ಯ ಅಷ್ಟು ಇಷ್ಟ ಇರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನಿಜವಾದ ಎಚ್ಚರಿಕೆ ಅದೇ. ಇಂಥ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಬ್ಯಾಟರಿಗೆ ಎಷ್ಟು ಹೋಯಿತು, ಎಷ್ಟು ಬಂತು ಅಂತ ಅದು ಲೆಕ್ಕ ಇಡುತ್ತದೆ. ಮತ್ತೆ ಸ್ಟಾರ್ಟ್ ಮಾಡುವಷ್ಟು ಶಕ್ತಿ ಉಳಿದಿಲ್ಲ ಅನ್ನಿಸಿದರೆ ಗಾಡಿ ಎಂಜಿನ್ ಆಫ್ ಮಾಡುವ ಗೋಜಿಗೇ ಹೋಗಲ್ಲ. ಕಣ್ಣು ಹಸಿರು ಅಂತಿದ್ದಾಗ ಗಾಡಿ ಬೇಡ ಅಂತಿತ್ತು. ನಾನು ಕಣ್ಣಿನ ಮಾತು ಕೇಳಿದೆ.

ಆಮೇಲೆ ಐಡಲಿಂಗ್, ಅಂದ್ರೆ ಗಾಡಿ ನಿಂತಲ್ಲೇ ಎಂಜಿನ್ ಓಡುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಎಸಿ ಹಾಕಿದರೆ ಎಂಜಿನ್ ವೇಗದ ಮುಳ್ಳು ಸರ್ರನೆ ಇಳಿದು ಮತ್ತೆ ಏರುತ್ತಿತ್ತು. ರೇಡಿಯೇಟರ್ ಫ್ಯಾನ್ ಶುರುವಾದ ಕೂಡಲೇ ಹೆಡ್‌ಲೈಟ್ ಒಂದು ಕ್ಷಣ ಮಂಕಾಗುತ್ತಿತ್ತು. ಎಂಜಿನ್ ಆಫ್ ಇರುವಾಗ ಕಿಟಕಿ ಗಾಜು ಏದುಸಿರು ಬಿಡುತ್ತಾ ಮೇಲೇರುತ್ತಿತ್ತು. ಕೆಲವು ಬೆಳಿಗ್ಗೆ ಸ್ಟೀರಿಂಗ್‌ನ ಹಳದಿ ದೀಪ ಹತ್ತಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಆರುತ್ತಿತ್ತು. ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಸ್ಪಾರ್ಕ್ ಪ್ಲಗ್ ಬದಲಿಸಿದೆ. ಪೆಟ್ರೋಲ್ ಸರಿ ಇಲ್ವೇನೋ ಅಂತ ಬಂಕ್ ಬದಲಿಸಿದೆ. ಒಂದರಿಂದಲೂ ಪ್ರಯೋಜನ ಆಗಲಿಲ್ಲ. ಆ ಖರ್ಚನ್ನೆಲ್ಲ ಕೂಡಿಸಿದರೆ ಹೊಸ ಬ್ಯಾಟರಿಯ ಅರ್ಧ ಬಂದುಬಿಡುತ್ತಿತ್ತು, ಅದೇ ಹೊಟ್ಟೆ ಉರಿ.

ಇದೆಲ್ಲ ಯಾಕೆ ಆಗುತ್ತದೆ ಅಂತ ಆಮೇಲೆ ಕೂತು ಅರ್ಥ ಮಾಡಿಕೊಂಡೆ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಎಂಜಿನ್ನೇ ತಿರುಗಿಸುವ ಆಲ್ಟರ್ನೇಟರ್, ಸುಮಾರು 13.8ರಿಂದ 14.5 ವೋಲ್ಟ್. ರಾತ್ರಿಯೆಲ್ಲ ಬರಿದಾದ ಬ್ಯಾಟರಿ ಬೆಳಿಗ್ಗೆ ಮೊದಲ ಕೆಲವು ನಿಮಿಷ 30–40 ಆಂಪಿಯರ್ ಎಳೆದುಕೊಳ್ಳಬಹುದು. 14 ವೋಲ್ಟ್‌ನಲ್ಲಿ 40 ಆಂಪಿಯರ್ ಅಂದ್ರೆ 560 ವ್ಯಾಟ್. ಆಲ್ಟರ್ನೇಟರ್‌ನಲ್ಲಿ ಶಾಖವಾಗಿ ಹೋಗುವುದನ್ನೂ ಸೇರಿಸಿದರೆ ಎಂಜಿನ್ ಬೆನ್ನ ಮೇಲೆ ಹೆಚ್ಚುಕಮ್ಮಿ ಒಂದು ಕಿಲೋವ್ಯಾಟ್ ಹೊರೆ. ಹೈವೇಯಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಐಡಲಿಂಗ್‌ನಲ್ಲಿ, ಅದೂ ಎಸಿ ಹಾಕಿಕೊಂಡು ನಿಂತಾಗ, ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಐಡಲಿಂಗ್‌ನಲ್ಲಿ ಆಲ್ಟರ್ನೇಟರ್ ನಿಧಾನಕ್ಕೆ ಸುತ್ತುತ್ತದೆ, ಜಾಸ್ತಿ ಕೊಡಲಾರದು. ಫ್ಯಾನ್ ಥಟ್ಟನೆ ಶುರುವಾದಾಗ ಆ ಕ್ಷಣದ ಕೊರತೆ ತುಂಬಬೇಕಾದದ್ದು ಬ್ಯಾಟರಿ. ಅದಕ್ಕೆ ಶಕ್ತಿ ಇಲ್ಲದಿದ್ದರೆ ದೀಪ ಮಂಕಾಗುತ್ತದೆ.

ಹಾಗಂತ ಪಿಕಪ್ ಹೋಯಿತಾ ಅಂತ ಕೇಳಿದರೆ, ಇಲ್ಲ. ಗಾಡಿ ಓಡಲು ಶುರುವಾಗಿ ಆಲ್ಟರ್ನೇಟರ್ ಸರಿ ಇದ್ದರೆ ಎಳೆತದಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ. ಬ್ಯಾಟರಿ ಬದಲಿಸಿದ್ರೆ ಗಾಡಿ ಹಾರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಇರುವುದು ಸ್ಟಾರ್ಟ್ ಆಗುವ ಹೊತ್ತಿನಲ್ಲಿ, ಐಡಲಿಂಗ್‌ನಲ್ಲಿ, ಮತ್ತೆ ಒಳಗಿರುವ ಕಂಪ್ಯೂಟರ್‌ಗಳಲ್ಲಿ. ವೋಲ್ಟೇಜ್ ತೀರಾ ಬಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಕಿಡಿಯೂ ಬಡವಾಗುತ್ತದೆ. ಒಂದು ಸಲಕ್ಕೆ ಹತ್ತುತ್ತಿದ್ದ ಎಂಜಿನ್‌ಗೆ ಮೂರು ಸಲ ಸೆಲ್ಫ್ ಹೊಡೆಯಬೇಕಾಗುವುದು ಹೀಗೆ.

ಕೊನೆಗೆ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಟಕ್, ಟಕ್, ಟಕ್. ಅಷ್ಟೇ ಸದ್ದು. ಹಿಂದಿನ ದಿನ ಭಾನುವಾರ, ಬಾನೆಟ್ ಎತ್ತಿ ಹಸಿರು ನೋಡಿದ್ದೆ. ಈಗಲೂ ನೋಡಿದೆ, ಹಸಿರೇ. ಪಕ್ಕದ ಗಾಡಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಿ ಮೆಕಾನಿಕ್ ಹತ್ತಿರ ಹೋದೆ. ಅವರು ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟರ್ ಹಾಕಿದರು. 15 ಸೆಕೆಂಡ್ ಭಾರ ಹಾಕಿದಾಗ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ನಮ್ಮದು ಐದು ಸೆಕೆಂಡ್‌ಗೇ 8ಕ್ಕೆ ಬಂತು.

"ಕಣ್ಣು ಹಸಿರಿದೆಯಲ್ಲಾ?" ಅಂದೆ.

"ಸಾರ್, ಅದು ಆರು ಸೆಲ್‌ನಲ್ಲಿ ಒಂದನ್ನ ಮಾತ್ರ ನೋಡುತ್ತೆ" ಅಂದರು.

ಈ ಒಂದು ಮಾತನ್ನು ಡಬ್ಬದ ಮೇಲೆ ಯಾಕೆ ಅಚ್ಚು ಹಾಕಲ್ಲ? 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್. ಕಣ್ಣು ಇಳಿದಿರುವುದು ಒಂದೇ ಸೆಲ್‌ಗೆ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತೇ ಇಲ್ಲ. ಆ ಒಂದರಲ್ಲೂ ಅದು ನೋಡುವುದು ಆಸಿಡ್ ಎಷ್ಟು ಗಟ್ಟಿಯಿದೆ ಅನ್ನುವುದನ್ನು ಮಾತ್ರ. ಒಳಗಿನ ಪ್ಲೇಟುಗಳು ಎಷ್ಟು ಸವೆದಿವೆ, ಒಮ್ಮೆಗೇ ಎಷ್ಟು ಕರೆಂಟ್ ಕೊಡಬಲ್ಲವು ಅನ್ನುವುದು ಅದಕ್ಕೆ ಕಾಣಲ್ಲ. ಕೊಡ ಹೋಗಿ ಚೆಂಬಾಗಿದ್ದರೂ ತುಂಬಿದೆ ಅಂತಲೇ ಹೇಳುತ್ತದೆ. ಅದನ್ನು ನಂಬಿ ಮುಕ್ಕಾಲು ವರ್ಷ ಕಳೆದೆನಲ್ಲ ಅಂತ ಆವತ್ತು ವಿಪರೀತ ಕೋಪ ಬಂದಿತ್ತು. ಆವತ್ತೇ ಬರೆದಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ.

ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಹೊಸ ಬ್ಯಾಟರಿ ಹಾಕಿಸಿದ ವಾರ ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ನಿಂತ ಗಾಡಿ ಎಷ್ಟು ಕರೆಂಟ್ ಕುಡಿಯುತ್ತದೆ ನೋಡೋಣ ಅಂತ ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಮೀಟರ್ ಸೇರಿಸಿದೆ. ಮೀಟರ್ 10 ಆಂಪಿಯರ್ ಸಾಕೆಟ್‌ನಲ್ಲಿರಬೇಕು, ಆ ಹೊತ್ತಿನಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು. ಗಾಡಿಯ ಕಂಪ್ಯೂಟರ್‌ಗಳೆಲ್ಲ ಮಲಗಲಿ ಅಂತ ಮುಕ್ಕಾಲು ಗಂಟೆ ಬಿಟ್ಟೆ. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಸರಿ ಅಂತಾರೆ. ನನ್ನ ಮೀಟರ್‌ನಲ್ಲಿ 0.34 ಆಂಪಿಯರ್!

ಒಂದೊಂದೇ ಫ್ಯೂಸ್ ಕೀಳುತ್ತಾ ಬಂದೆ. ಡ್ಯಾಶ್‌ಕ್ಯಾಮ್‌ನದು ಕಿತ್ತ ಕೂಡಲೇ 0.03ಕ್ಕೆ ಇಳಿಯಿತು. ನಿಂತಾಗಲೂ ರೆಕಾರ್ಡ್ ಆಗಲಿ ಅಂತ ನಾನೇ ಪ್ರೀತಿಯಿಂದ ವೈರಿಂಗ್ ಮಾಡಿಸಿದ ಕ್ಯಾಮೆರಾ. ರಾತ್ರಿ 14 ಗಂಟೆ ನಿಂತರೆ 4.8 ಆಂಪಿಯರ್-ಅವರ್ ಖಾಲಿ, ಅಂದ್ರೆ ನನ್ನ 60 ಆಂಪಿಯರ್-ಅವರ್ ಬ್ಯಾಟರಿಯ ಶೇಕಡ 8. ಮರುದಿನ ಓಡಿಸುವುದು ಹತ್ತು ನಿಮಿಷ ಹೋಗಿ ಹತ್ತು ನಿಮಿಷ ಬರುವುದು. ಸೆಲ್ಫ್‌ಗೆ ಹೋಗುವುದು ಬಹಳ ಕಮ್ಮಿ. ಅದು 200 ಆಂಪಿಯರ್ ಎಳೆದರೂ ಎರಡೇ ಸೆಕೆಂಡ್, ಬೇಗ ತುಂಬಿಕೊಳ್ಳುತ್ತದೆ. ಆದರೆ ಲೆಡ್-ಆಸಿಡ್ ಬ್ಯಾಟರಿಯ ಕೊನೆಯ ಶೇಕಡ 20 ತುಂಬುವುದಕ್ಕೆ ಗಂಟೆಗಟ್ಟಲೆ ಬೇಕು. ಇಪ್ಪತ್ತು ನಿಮಿಷಕ್ಕೆ ಆಗುವ ಕೆಲಸ ಅಲ್ಲ. ಅರೆಹೊಟ್ಟೆಯಲ್ಲೇ ದಿನ ಕಳೆದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗಲ್ಲ.

ನನ್ನ ಭಾನುವಾರದ ತಪಾಸಣೆಯೂ ತಪ್ಪು ಹೊತ್ತಿನದ್ದು. ವಾರಕ್ಕೊಮ್ಮೆ ದೂರ ಓಡಿಸುವುದು ಭಾನುವಾರ ಮಾತ್ರ, ಬಂದ ಮೇಲೆ ಬಾನೆಟ್ ಎತ್ತುತ್ತಿದ್ದೆ. ಬ್ಯಾಟರಿ ಇಡೀ ವಾರದಲ್ಲೇ ಚೆನ್ನಾಗಿ ತುಂಬಿರುವ ಗಳಿಗೆ ಅದು. ಇಷ್ಟೆಲ್ಲ ಅನುಭವಿಸಿಯೂ ಆ ಬ್ಯಾಟರಿ ನಾಲ್ಕು ವರ್ಷ ದಾಟಿತು. ಮೂರರಿಂದ ಐದು ವರ್ಷ ಬಂದರೆ ಸಾಕು ಅನ್ನುವ ವಸ್ತು ಇದು. ನಿಜ ಹೇಳಬೇಕಂದ್ರೆ ಅದು ನನಗೆ ಮೋಸ ಮಾಡಲಿಲ್ಲ. ಅದಕ್ಕೇ ಎರಡನೇ ಸಲವೂ ಅದೇ ಮಾಡೆಲ್ ತಗೊಂಡೆ. ಸ್ವಲ್ಪ ಕಮ್ಮಿ ಬೆಲೆಗೆ ಸಾಮಾನ್ಯ ಬ್ಯಾಟರಿಯೂ ಕೂರುತ್ತೆ ಅಂದರು, ಬೇಡ ಅಂದೆ. ಸ್ಟಾರ್ಟ್-ಸ್ಟಾಪ್ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಗಟ್ಟಿ ಜಾತಿಯ ಬ್ಯಾಟರಿ ಬೇಕು, ಸಾಮಾನ್ಯದ್ದು ಅಷ್ಟು ಸಲ ಸ್ಟಾರ್ಟ್ ಮಾಡುವುದನ್ನು ತಾಳಲ್ಲ.

ಹೊಸದು ಹಾಕಿದ ದಿನ ಐಡಲಿಂಗ್ ಇನ್ನಷ್ಟು ಕೆಟ್ಟಂತೆ ಕಂಡಿತು, ಒಂದು ಗಳಿಗೆ ಎದೆ ಧಸಕ್ ಅಂತು. ಬ್ಯಾಟರಿ ಬಿಚ್ಚಿದಾಗ ಕಂಪ್ಯೂಟರ್ ಕಲಿತದ್ದನ್ನು ಮರೆತಿರುತ್ತದೆ. ಎರಡು ದಿನ ಓಡಿಸಿದ ಮೇಲೆ ಸರಿಹೋಯಿತು. ಕಿಟಕಿಯ ಆಟೋ ಬಟನ್‌ಗೂ ಗಾಜು ಪೂರ್ತಿ ಮೇಲೆ ತಂದು ಹಿಡಿದು ಮತ್ತೆ ಕಲಿಸಬೇಕಾಯಿತು. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಸ್ಕ್ಯಾನರ್ ಹಾಕಿ ನೋಂದಾಯಿಸಬೇಕು, ಬದಲಿಸುವ ಮೊದಲೇ ಕೇಳಿಕೊಳ್ಳಿ.

ಈಗ ಹೊಸದಕ್ಕೆ 14 ತಿಂಗಳು. ಕಣ್ಣಿನ ಕಡೆ ನೋಡುವುದೇ ಇಲ್ಲ. ಬದಲಿಗೆ ಶನಿವಾರ ಬೆಳಿಗ್ಗೆ, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬಾಗಿಲು ಲಾಕ್ ತೆಗೆಯುವ ಮೊದಲೇ ಬ್ಯಾಟರಿಗೆ ಮೀಟರ್ ಹಿಡಿಯುತ್ತೇನೆ. ಬಾನೆಟ್ ಎತ್ತಲು ಬಾಗಿಲು ತೆಗೆಯಲೇಬೇಕಲ್ಲ, ಹಾಗಾಗಿ ಹಿಂದಿನ ಸಂಜೆಯೇ ಬಾನೆಟ್ ಲಾಚ್ ಎಳೆದು ಬಿಟ್ಟಿರುತ್ತೇನೆ. ಬಾಗಿಲು ತೆರೆದರೆ ದೀಪ, ಸ್ಕ್ರೀನ್ ಎಲ್ಲ ಎದ್ದು ಅಂಕಿ ಕೆಡುತ್ತದೆ. ವೋಲ್ಟೇಜ್ 12.6ರ ಮೇಲಿದ್ದರೆ ತುಂಬಿದೆ, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ. ಓಡಿಸಿ ಬಂದ ಕೂಡಲೇ ಅಳೆದರೆ ಸುಳ್ಳು ಅಂಕಿ ಜಾಸ್ತಿ ತೋರಿಸುತ್ತದೆ, ಕೆಲವು ಗಂಟೆ ಬಿಡಬೇಕು.

ಆಮೇಲೆ ಮಗಳ ಸರದಿ. ಅವಳು ಸೀಟಿನಲ್ಲಿ ಕೂತು, ನ್ಯೂಟ್ರಲ್ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, "ಅಪ್ಪಾ, ತಿರುಗಿಸ್ಲಾ?" ಅಂತಾಳೆ. ನಾನು ಎರಡೂ ಟರ್ಮಿನಲ್ ಮೇಲೆ ಮೀಟರ್ ಕಡ್ಡಿ ಒತ್ತಿ ಹಿಡಿದಿರುತ್ತೇನೆ. ಸೆಲ್ಫ್ ತಿರುಗುವ ಆ ಒಂದು ಸೆಕೆಂಡ್‌ನಲ್ಲಿ ಅಂಕಿ ಎಷ್ಟಕ್ಕೆ ಬೀಳುತ್ತದೆ, ಅದೇ ಮುಖ್ಯ. ನಿಂತಾಗಿನ ಅಂಕಿ ಚೆನ್ನಾಗಿದ್ದೂ ಸೆಲ್ಫ್ ಹೊಡೆದಾಗ 9.6ರ ಕೆಳಗೆ ಬಿದ್ದರೆ ಬ್ಯಾಟರಿ ಒಳಗೆ ಸೋತಿದೆ ಅಂತ ಅರ್ಥ. ನಮ್ಮದು 10.6. ಎಂಜಿನ್ ಹತ್ತಿದ ಮೇಲೆ 14.2. ಮೂರು ಅಂಕಿಯನ್ನೂ ಅವಳೇ ಪುಸ್ತಕದಲ್ಲಿ ಬರೆಯುತ್ತಾಳೆ. ಈ ಹತ್ತು ನಿಮಿಷಕ್ಕಾಗಿ ನಾನು ವಾರವಿಡೀ ಕಾಯುತ್ತೇನೆ. ಬ್ಯಾಟರಿ ಕೊಂಡು ಇಂಥ ಖುಷಿ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಡ್ಯಾಶ್‌ಕ್ಯಾಮ್ ಈಗ ಕೀ ತೆಗೆದ ಕೂಡಲೇ ಆಫ್. ತಿಂಗಳಿಗೊಂದು ರಾತ್ರಿ ಸ್ಮಾರ್ಟ್ ಚಾರ್ಜರ್ ಹಾಕುತ್ತೇನೆ. ಅದರ ಕಪ್ಪು ಕ್ಲಿಪ್ ಬ್ಯಾಟರಿಯ ಟರ್ಮಿನಲ್‌ಗಲ್ಲ, ಬಾಡಿಯ ಲೋಹಕ್ಕೆ. ಇಲ್ಲದಿದ್ದರೆ ಆ ಸೆನ್ಸರ್‌ಗೆ ಚಾರ್ಜ್ ಆದದ್ದು ಲೆಕ್ಕಕ್ಕೆ ಸಿಗಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ಮತ್ತೆ ಆಫ್ ಆಗುತ್ತಿದೆ, ಈಗ ಅದು ನಿಂತಾಗಲೆಲ್ಲ ಒಳಗೊಳಗೇ ಸಮಾಧಾನ.

ಬ್ಯಾಟರಿಗೆ ನಾಲ್ಕು ಸ್ಟಾರ್, ಹಸಿರು ಕಣ್ಣಿಗೆ ಸೊನ್ನೆ. ಬಿಸಿಲು ಬ್ಯಾಟರಿಯ ಆಯಸ್ಸು ತಿನ್ನುತ್ತದೆ, ಅದು ಹೊರಗೆ ಕಾಣುವುದು ಚಳಿಯಲ್ಲಿ. ಈ ಬೇಸಿಗೆ ಮುಗಿದು ಚಳಿ ಬಂದ ಮೇಲೆ 10.6 ಎಲ್ಲಿಗೆ ಬರುತ್ತದೆ ನೋಡಿ ಇಲ್ಲೇ ಸೇರಿಸುತ್ತೇನೆ.