ರಿಪೇರಿಗೆ ಕೊಡುವಾಗ ಫೋನ್ ಪಿನ್ ಕೊಡಬೇಡಿ

ಫೋನ್ ರಿಪೇರಿಗೆ ಕೊಡುವವರು ದಯವಿಟ್ಟು ಓದಿ. ಒಡೆದ ಡಿಸ್‌ಪ್ಲೇ ಬದಲಾಯಿಸೋಕೆ ಕೊಟ್ಟಿದ್ದೆ, ಅಷ್ಟೇ. “ಟಚ್ ಚೆಕ್ ಮಾಡಬೇಕು, ಪಿನ್ ಬರೆದುಕೊಡಿ ಮೇಡಂ” ಅಂದರು. ರಸೀದಿಯಲ್ಲಿ ಅದಕ್ಕಂತಲೇ ಜಾಗ ಬಿಟ್ಟಿದ್ದರು. ಬರೆದುಕೊಟ್ಟೆ.

ಸಂಜೆ ವಾಪಸ್ ಹೋದಾಗ ಹುಡುಗ ಫೋನ್ ಒರೆಸಿ ಕೈಗೆ ಕೊಡುತ್ತಾ ಕೇಳಿದ, “ಅಮ್ಮ ಈಗ ಹೇಗಿದ್ದಾರೆ ಮೇಡಂ?” ನಾನು “ಪರವಾಗಿಲ್ಲಪ್ಪ, ಹುಷಾರಾಗ್ತಿದ್ದಾರೆ” ಅಂದೆ. ದುಡ್ಡು ಕೊಟ್ಟೆ. ಥ್ಯಾಂಕ್ಸ್ ಬೇರೆ ಹೇಳಿದೆ! ಹೊರಗೆ ಬಂದ ಮೇಲೆ ಹೊಳೆಯಿತು. ಅಮ್ಮನಿಗೆ ಹುಷಾರಿಲ್ಲ ಅಂತ ಇವನಿಗೆ ಹೇಳಿದ್ದು ಯಾರು? ನೆಂಟರಿಗೇ ಹೇಳಿಲ್ಲ ನಾವು. ಯಾರಿಗೂ ಹೇಳಬೇಡ ಅಂತ ಅಮ್ಮನೇ ಅಂದಿದ್ದರು. ಅಮ್ಮನ ಮೆಡಿಕಲ್ ರಿಪೋರ್ಟ್ ಇದ್ದದ್ದು ನನ್ನ ಗ್ಯಾಲರಿಯಲ್ಲಿ, ತಮ್ಮನಿಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳಲ್ಲಿ.

ಸೆಟ್ಟಿಂಗ್ಸ್‌ಗೆ ಹೋಗಿ ಡಿಜಿಟಲ್ ವೆಲ್‌ಬೀಯಿಂಗ್ ತೆಗೆದೆ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಅಂತ ಅಲ್ಲಿ ಗಂಟೆವಾರು ತೋರಿಸುತ್ತೆ. ಫೋನ್ ಅವರ ಹತ್ತಿರ ಇದ್ದ ಹೊತ್ತಿನಲ್ಲಿ ಗ್ಯಾಲರಿ ಅರ್ಧ ಗಂಟೆಗೂ ಜಾಸ್ತಿ. ವಾಟ್ಸಾಪೂ ಇತ್ತು. ಮೈ ಉರಿದುಹೋಯಿತು.

ತಿರುಗಿ ಹೋಗಿ ಕೇಳಿದೆ. ಮೊದಲು, “ನೀವೇ ಹೇಳಿದ್ರಲ್ಲ ಮೇಡಂ.” ನಾನು ಹೇಳಿಲ್ಲ. ಹೇಳೇ ಇಲ್ಲ. ಆಮೇಲೆ, “ಕಲರ್ ಸರಿ ಬರ್ತಿದೆಯಾ ನೋಡೋಕೆ ಫೋಟೋ ಓಪನ್ ಮಾಡಬೇಕಾಗುತ್ತೆ.” ಸರಿ, ವಾಟ್ಸಾಪ್ ಯಾಕೆ? ಅದಕ್ಕೆ ಉತ್ತರವೇ ಇಲ್ಲ. ಅಷ್ಟರಲ್ಲಿ ಮಾಲೀಕರು ಬಂದರು. “ದುಡ್ಡು ಹೋಗಿದೆಯಾ? ಏನಾದ್ರೂ ಡಿಲೀಟ್ ಆಗಿದೆಯಾ? ಇಲ್ಲ ಅಲ್ವಾ? ಪಾಪ, ಹುಡುಗ ಕಾಳಜಿಯಿಂದ ಕೇಳಿದ.” ಕಾಳಜಿಯಂತೆ!

ದುಡ್ಡು ಹೋದರೆ ಮಾತ್ರ ತಪ್ಪಾ? ನೋಡಿದ್ದೇ ತಪ್ಪು ಸ್ವಾಮಿ. ಒಬ್ಬರ ಖಾಸಗಿ ಬದುಕು, ಮನೆ, ಪತ್ರಗಳಲ್ಲಿ ಮನಸ್ಸಿಗೆ ಬಂದಂತೆ ಕೈಹಾಕಬಾರದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 12ನೇ ವಿಧಿಯಲ್ಲಿ 1948ರಲ್ಲೇ ಬರೆದಿದ್ದಾರೆ. ಆಗ ಕಾಗದ, ಈಗ ವಾಟ್ಸಾಪ್.

ಡಿಸ್‌ಪ್ಲೇ ಪರೀಕ್ಷೆಗೆ ಪಿನ್ ಬೇಕಾಗೇ ಇಲ್ಲ. ಲಾಕ್ ಇದ್ದರೂ ಎಮರ್ಜೆನ್ಸಿ ಕಾಲ್‌ನ ಕೀಪ್ಯಾಡ್ ಬರುತ್ತೆ, ಕ್ಯಾಮೆರಾ ತೆರೆಯುತ್ತೆ. ಟಚ್, ಕಲರ್ ಎರಡೂ ಅಲ್ಲೇ ಗೊತ್ತಾಗುತ್ತೆ. ಹಟ ಹಿಡಿದರೆ ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಇದೆ, ಅದರಲ್ಲಿ ನಿಮ್ಮ ಫೋಟೋ, ಮೆಸೇಜು ಕಾಣಲ್ಲ, ಹಾಕಿಕೊಡಿ. ಈಗಾಗಲೇ ಪಿನ್ ಕೊಟ್ಟವರು ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಇವತ್ತೇ ನೋಡಿ, ನಿಮ್ಮ ವಾಟ್ಸಾಪ್ ಬೇರೆ ಯಾವ ಫೋನು, ಕಂಪ್ಯೂಟರಿಗೆ ಸೇರಿಕೊಂಡಿದೆ ಅಂತ ಅಲ್ಲಿ ಗೊತ್ತಾಗುತ್ತೆ. ನನ್ನದರಲ್ಲಿ ಏನೂ ಸಿಗಲಿಲ್ಲ. ಆದರೆ ಅವನು ತನ್ನ ಫೋನಿನಲ್ಲಿ ಆ ರಿಪೋರ್ಟ್‌ನ ಫೋಟೋ ಹೊಡೆದುಕೊಂಡಿದ್ದರೆ ಅದು ಎಲ್ಲೂ ಗೊತ್ತಾಗಲ್ಲ. ಮಾಲೀಕರಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. “ಸುಮ್ನೆ ಅನುಮಾನ ಪಡ್ತೀರ ಮೇಡಂ” ಅಂತ ಕಟ್ ಮಾಡಿದರು.