ಹೊಗೆ ಹಿಡಿಯುತ್ತೆ, ಧೂಳು ಬಿಡುತ್ತೆ: ಗಾಳಿ ಅಳೆಯುವ ಲೇಸರ್ ಡಬ್ಬಿ ಜೊತೆ ಎರಡು ವರ್ಷ

ಮೊದಲು ಬೈಗುಳ. ಹೋದ ಬೇಸಿಗೆಯಲ್ಲಿ ನಮ್ಮ ಬೀದಿ ಅಗೆದರು. ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಮಣ್ಣು, ಬಾಯೆಲ್ಲ ಕರಕರ. ಕಿಟಕಿಯಲ್ಲಿಟ್ಟ ಈ ಡಬ್ಬಿ ಮಾತ್ರ ಪಿಎಂ 10 (ಹತ್ತು ಮೈಕ್ರಾನ್ ತನಕದ ಕಣ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಅನ್ನೋ ಲೆಕ್ಕ) ಬರೀ 38 ಅಂತ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿ ಕೂತಿತ್ತು! ಐದು ಸಾವಿರ ಕೊಟ್ಟವನಿಗೆ ಹೊಟ್ಟೆ ಉರಿಯೋದಿಲ್ವಾ?

ಆಮೇಲೆ ಗೊತ್ತಾಯಿತು. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಕಣಕ್ಕೆ ಲೇಸರ್ ಬಡಿದು ಚೆದುರಿದ ಬೆಳಕನ್ನು ನೋಡಿ ಲೆಕ್ಕ ಹಾಕುತ್ತದೆ. ದಪ್ಪ ಕಣ ಇಂಥ ಅಗ್ಗದ ಸೆನ್ಸರಿಗೆ ಸರಿಯಾಗಿ ಸಿಗುವುದೇ ಇಲ್ಲ. ಪಿಎಂ 10 ಅಂತ ತೋರಿಸುವುದು ಹೆಚ್ಚಾಗಿ ಸಣ್ಣ ಕಣದ (ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್ ತನಕದ್ದು) ಮೇಲಿನ ಅಂದಾಜು. ಕೇಂದ್ರ ಸರ್ಕಾರದ 2019ರ ಶುದ್ಧ ಗಾಳಿ ಯೋಜನೆಯ ಪಟ್ಟಿಗೆ ನಮ್ಮ ದಾವಣಗೆರೆ ಸೇರಿದ್ದು ಪಿಎಂ 10 ದೆಸೆಯಿಂದಲೇ. ಊರಿನ ರೋಗ ಬಿಟ್ಟು ಬೇರೆಲ್ಲದಕ್ಕೂ ನಾಡಿ ಹಿಡಿಯುವ ವೈದ್ಯ ಇದು.

ಡಿಸೆಂಬರಿನಲ್ಲಿ ಇನ್ನೊಂದು ಅವತಾರ. ಮಂಜಿನ ಹನಿಯನ್ನೂ ಧೂಳು ಅಂತ ಎಣಿಸುತ್ತದೆ. ಒಂದು ಬೆಳಗ್ಗೆ 180 ನೋಡಿ ಅಮ್ಮನ ವಾಕಿಂಗ್ ಸುಮ್ನೆ ತಪ್ಪಿಸಿದೆ.

ಆದರೂ ಎಸೆದಿಲ್ಲ. ಹೊಗೆ ಅಂದರೆ ಇದಕ್ಕೆ ನಾಯಿ ಮೂಗು. ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಂದ ದೂರವೇನಿಲ್ಲ. ಅಮ್ಮನಿಗೆ ಉಬ್ಬಸ. ಬೆಳಗ್ಗೆ ಐದೂವರೆಗೆ ನಾನು ಕಾಫಿಗೆ ನೀರಿಡುತ್ತೇನೆ, ಅವಳು ಹಾಸಿಗೆಯಲ್ಲೇ "ಎಷ್ಟೈತಪ್ಪಾ ಇವತ್ತು?" ಅನ್ನುತ್ತಾಳೆ. ಪಿಎಂ 2.5 ಅಂಕಿ 40 ಅಂದರೆ ಕಿಟಕಿ ತೆಗೆಯುತ್ತಾಳೆ. ಹೊಟ್ಟಿನ ಹೊಗೆ ನಮ್ಮ ಕಡೆ ತಿರುಗಿದ ದಿನ ವಾಸನೆ ಮೂಗಿಗೆ ಬರುವ ಮೊದಲೇ ಅಂಕಿ 90 ದಾಟಿರುತ್ತದೆ. ಪಿಎಂ 2.5ರ ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60. ಅಂಥ ದಿನ ಕಿಟಕಿ ಬಂದ್, ಕಾಫಿ ಅಡುಗೆಮನೆಯಲ್ಲೇ.

ಒಂದು ಶುಕ್ರವಾರ ಕಿಟಕಿ ಬಂದ್ ಮಾಡಿದ ಮೇಲೂ 210. ಭಟ್ಟಿಗೆ ಬೈಯುತ್ತಾ ಮನೆಯೆಲ್ಲ ಸುತ್ತಿದೆ. ದೇವರ ಮನೆಯಲ್ಲಿ ಐದು ಊದಿನಕಡ್ಡಿ, ಮೇಲೆ ಲೋಬಾನ. ಅಮ್ಮ ಡಬ್ಬಿಯನ್ನೇ ದುರುಗುಟ್ಟಿ ನೋಡಿದಳು. ಮಾರನೇ ದಿನದಿಂದ ಕಡ್ಡಿ ಒಂದೇ.

ತಿಂಗಳಿಗೊಮ್ಮೆ ಗಾಳಿ ಹೋಗುವ ಕಿಂಡಿಯನ್ನು ಮೆತ್ತನೆ ಬ್ರಷ್ಷಿನಲ್ಲಿ ಒರೆಸುತ್ತೇನೆ. ಫ್ಯಾನ್ ಈಚೆಗೆ ಸ್ವಲ್ಪ ಗೊರಗುಟ್ಟುತ್ತಿದೆ. ರಸ್ತೆ ಧೂಳು ಅಳೆಯಬೇಕು ಅನ್ನುವವರು ಇದನ್ನು ಕೊಳ್ಳಬೇಡಿ. ನನ್ನಿಂದ ಎರಡು ಸ್ಟಾರ್. ಮೂರನೆಯದು ಅಮ್ಮ ಹಾಕಿಸಿದ್ದು.